ಎಲುಬಿಗೊಬ್ಬ ಡಾಕ್ಟರು, ಕಿಡ್ನಿಗೊಬ್ಬ ಡಾಕ್ಟರು, ರೋಗಿಗೆ ಯಾರು?

ಥಲಸ್ಸೇಮಿಯಾ ಇರುವವರನ್ನು ಕಂಡಾಗ ನಾವೆಲ್ಲ ಕೇಳುವುದು ರಕ್ತದ ಬಗ್ಗೆ. ಎಷ್ಟು ದಿನಕ್ಕೊಮ್ಮೆ ಹಾಕಿಸುತ್ತೀರಿ, ಹಿಮೋಗ್ಲೋಬಿನ್ ಎಷ್ಟಿದೆ, ಬ್ಲಡ್ ಬ್ಯಾಂಕಿನಲ್ಲಿ ಸಿಗುತ್ತದೆಯೇ? ಕೇಳಬೇಕಾದ ಪ್ರಶ್ನೆಗಳೇ. ಆದರೆ ಇಪ್ಪತ್ತು, ಮೂವತ್ತು ದಾಟಿದ ರೋಗಿಗೆ ಇನ್ನೆರಡು ಪ್ರಶ್ನೆಗಳನ್ನು ಕೇಳಲೇಬೇಕು. ಎಲುಬು ಹೇಗಿದೆ? ಕಿಡ್ನಿಯಲ್ಲಿ ಕಲ್ಲೇನಾದರೂ ಇದೆಯೇ? ಈ ಎರಡನ್ನೂ ಒಟ್ಟಿಗೆ, ಒಬ್ಬರೇ ಕೇಳಬೇಕು ಎಂಬುದು ನನ್ನ ವಾದ. ಬೇರೆ ಬೇರೆ ಕೋಣೆಗಳಲ್ಲಿ, ಬೇರೆ ಬೇರೆ ಡಾಕ್ಟರು ಕೇಳಿದಾಗ ಒಂದಕ್ಕೆ ಕೊಟ್ಟ ಮದ್ದು ಇನ್ನೊಂದನ್ನು ಕೆಡಿಸುತ್ತದೆ. ಕೆಡುವುದು ಮಾತ್ರ ಒಂದೇ ದೇಹ.

ನಾನು ಮುಂಬಯಿಯಲ್ಲಿ ರೇಡಿಯಾಲಜಿಸ್ಟ್. ನಮ್ಮ ಗದಗಿನ ಕಡೆ ಸ್ಕ್ಯಾನಿಂಗ್ ಎನ್ನುವುದನ್ನು ಇಲ್ಲಿ ಸೋನೋಗ್ರಫಿ ಎನ್ನುತ್ತಾರೆ. ದಿನವಿಡೀ ಅದನ್ನೇ ಮಾಡುತ್ತೇನೆ. ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನ ವರದಿಯೂ ನನ್ನ ಕೈಯಿಂದಲೇ ಹೋಗುತ್ತದೆ. ಮುಂಬಯಿ ಮತ್ತು ಥಲಸ್ಸೇಮಿಯಾದ ನಂಟು ಹಳೆಯದು. 1947ರ ದೇಶ ವಿಭಜನೆಯ ನಂತರ ಕಲ್ಯಾಣದ ಹತ್ತಿರದ ಸೈನಿಕ ಶಿಬಿರಗಳಲ್ಲಿ ನೆಲೆನಿಂತ ಸಿಂಧಿಗಳ ಊರೇ ಇಂದಿನ ಉಲ್ಲಾಸನಗರ. ಸಿಂಧಿ, ಪಂಜಾಬಿ, ಲೋಹಾಣಾ, ಕಛ್ಛಿ ಭಾನುಶಾಲಿ ಸಮುದಾಯಗಳಲ್ಲಿ ಈ ಕಾಯಿಲೆಯ ವಾಹಕರು ಹೆಚ್ಚು. ಹಾಗಾಗಿ ರಕ್ತ ಹಾಕುವ ಡೇ ಕೇರ್ ಕೇಂದ್ರಗಳು ಇಲ್ಲಿ ಬೇಗ ಹುಟ್ಟಿದವು, ಅಲ್ಲಿ ಬೆಳೆದ ಮಕ್ಕಳೂ ಇಲ್ಲಿ ಹೆಚ್ಚು. ಆ ಮಕ್ಕಳೀಗ ಮಕ್ಕಳಲ್ಲ. ಬ್ಯಾಂಕಿನಲ್ಲಿ, ಐಟಿ ಕಂಪನಿಯಲ್ಲಿ, ತಮ್ಮದೇ ಅಂಗಡಿಯಲ್ಲಿ ದುಡಿಯುವವರು. ಮದುವೆಯಾದವರಿದ್ದಾರೆ, ತಾಯಂದಿರಾದವರೂ ಇದ್ದಾರೆ. ನನ್ನ ಮೇಜಿಗೆ ಅವರ ಎರಡು ಚೀಟಿಗಳು ಬರುತ್ತವೆ. ಎಲುಬಿನ ಡಾಕ್ಟರು ಬರೆದ ಡೆಕ್ಸಾ ಚೀಟಿ ಒಂದು ತಿಂಗಳು ಬಂದರೆ, ಮೂತ್ರರೋಗ ತಜ್ಞರು ಬರೆದ ಸೋನೋಗ್ರಫಿ ಚೀಟಿ ಇನ್ನೊಂದು ತಿಂಗಳು ಬರುತ್ತದೆ. ಒಂದರಲ್ಲಿ ಇನ್ನೊಂದರ ಸುದ್ದಿ ಇರುವುದು ಅಪರೂಪ.

ಬದುಕಿದ್ದರಿಂದ ಬಂದ ಸಮಸ್ಯೆ

ಇದು ಸೋಲಿನ ಕಥೆಯಲ್ಲ, ಗೆಲುವಿನ ನಂತರದ ಕಥೆ. ಒಂದು ಕಾಲಕ್ಕೆ ಥಲಸ್ಸೇಮಿಯಾ ಮೇಜರ್ ಇರುವ ಮಗು ಹದಿಹರೆಯ ಮುಟ್ಟಿದರೆ ಅದೇ ದೊಡ್ಡದು. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕ್ರಮವಾಗಿ ರಕ್ತ ಹಾಕುವ ಪದ್ಧತಿ ಮಕ್ಕಳನ್ನು ಉಳಿಸಿತು. ಆದರೆ ಒಂದು ಯೂನಿಟ್ ರಕ್ತದ ಜೊತೆ 200ರಿಂದ 250 ಮಿಲಿಗ್ರಾಂ ಕಬ್ಬಿಣವೂ ದೇಹ ಸೇರುತ್ತದೆ. ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿ ಮನುಷ್ಯನ ದೇಹಕ್ಕೆ ಇಲ್ಲ. ಅದು ಹೃದಯ, ಯಕೃತ್ತು, ಗ್ರಂಥಿಗಳಲ್ಲಿ ಕೂಡುತ್ತಾ ಹೋಗುತ್ತದೆ. ಅದನ್ನು ಹಿಡಿದು ಹೊರಗೆ ಕಳಿಸುವ ಔಷಧ ಮೊದಲು ಬಂದಿದ್ದು ಚುಚ್ಚುಮದ್ದಿನ ರೂಪದಲ್ಲಿ. ರಾತ್ರಿಯಿಡೀ ಹೊಟ್ಟೆಯ ಚರ್ಮದಡಿ ಸೂಜಿ ಚುಚ್ಚಿ, ಸಣ್ಣ ಪಂಪ್ ಕಟ್ಟಿಕೊಂಡು ಮಲಗಬೇಕಿತ್ತು. ಬಾಯಿಂದ ನುಂಗುವ ಡಿಫೆರಿಪ್ರೋನ್‌ಗೆ 1990ರ ದಶಕದ ನಡುವೆ ಮೊದಲು ಅನುಮತಿ ಸಿಕ್ಕಿದ್ದು ಭಾರತದಲ್ಲೇ ಎಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ. 2005ರಲ್ಲಿ ಅಮೆರಿಕದಲ್ಲಿ ಡಿಫೆರಾಸಿರಾಕ್ಸ್‌ಗೆ ಅನುಮತಿ ದೊರೆಯಿತು. ನಂತರ ದಿನಕ್ಕೊಂದು ಬಾರಿ ತೆಗೆದುಕೊಳ್ಳುವ ಈ ಮಾತ್ರೆ ಇಲ್ಲಿಯೂ ಬಂತು.

ಹೀಗೆ ಆಯುಸ್ಸು ಹೆಚ್ಚಿತು. ಆದರೆ ಹೆಚ್ಚಿದ ಆಯುಸ್ಸಿಗೆ ತಕ್ಕ ವ್ಯವಸ್ಥೆ ಹೆಚ್ಚಲಿಲ್ಲ. ರಕ್ತ ಹಾಕುವ ಕೇಂದ್ರಗಳು ಬಹುತೇಕ ಕಡೆ ಮಕ್ಕಳ ವಿಭಾಗದಲ್ಲೇ ಇವೆ. ಗೋಡೆಯ ಮೇಲೆ ಕಾರ್ಟೂನ್ ಚಿತ್ರಗಳ ನಡುವೆ ಮೂವತ್ತೈದು ವರ್ಷದ ಗಂಡಸು ಲ್ಯಾಪ್‌ಟಾಪ್ ತೆರೆದುಕೊಂಡು ರಕ್ತ ಹಾಕಿಸಿಕೊಳ್ಳುತ್ತಿರುವುದನ್ನು ನೋಡಿದ್ದೇನೆ. ಮಕ್ಕಳ ಡಾಕ್ಟರಿಗೆ ಕಿಡ್ನಿ ಕಲ್ಲು ದಿನನಿತ್ಯದ ವಿಷಯವಲ್ಲ. ಮೂತ್ರರೋಗ ತಜ್ಞರಿಗೆ ಥಲಸ್ಸೇಮಿಯಾ ದಿನನಿತ್ಯದ ವಿಷಯವಲ್ಲ. ಮೂಳೆ ತಜ್ಞರ ಓಪಿಡಿಯಲ್ಲಿ ಒಬ್ಬ ರೋಗಿಗೆ ಸಿಗುವುದೇ ಐದು ನಿಮಿಷ.

ಎಲುಬು ಏಕೆ ಸವೆಯುತ್ತದೆ

1925ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಮಕ್ಕಳ ವೈದ್ಯ ಥಾಮಸ್ ಕೂಲಿ ಈ ಕಾಯಿಲೆಯನ್ನು ಮೊದಲು ವಿವರಿಸಿದಾಗ ರಕ್ತಹೀನತೆ ಮತ್ತು ಊದಿದ ಗುಲ್ಮದ ಜೊತೆಗೆ ಎಲುಬಿನ ವಿಚಿತ್ರ ಬದಲಾವಣೆಗಳನ್ನೂ ಹೇಳಿದ್ದರು. ನೂರು ವರ್ಷಗಳ ಹಿಂದೆಯೇ ಎಲುಬು ಈ ಕಾಯಿಲೆಯ ಭಾಗವಾಗಿತ್ತು. ರಕ್ತ ಹಾಕದ ಮಗುವಿನಲ್ಲಿ ಮಜ್ಜೆ ಹೇಗಾದರೂ ಮಾಡಿ ರಕ್ತ ಹುಟ್ಟಿಸಲೇಬೇಕೆಂದು ಹಿಗ್ಗುತ್ತದೆ, ಎಲುಬನ್ನು ಒಳಗಿನಿಂದ ತೆಳುವಾಗಿಸುತ್ತದೆ. ಕೆನ್ನೆಯ ಎಲುಬು ಉಬ್ಬುತ್ತದೆ. ತಲೆಬುರುಡೆಯ ಎಕ್ಸ್‌ರೇಯಲ್ಲಿ ಕೂದಲು ನಿಂತಂತೆ ಗೆರೆಗಳು ಕಾಣುತ್ತವೆ. ನಾವು ವಿದ್ಯಾರ್ಥಿಗಳಾಗಿದ್ದಾಗ ಪರೀಕ್ಷೆಗೆ ಓದಿಕೊಂಡ ಚಿತ್ರ ಅದು.

ಚೆನ್ನಾಗಿ ರಕ್ತ ಹಾಕಿಸಿಕೊಂಡವರಲ್ಲಿ ಆ ಚಿತ್ರ ಈಗ ಕಾಣುವುದಿಲ್ಲ. ಆದರೆ ಎಲುಬು ಬೇರೆ ಕಾರಣಗಳಿಂದ ಸವೆಯುತ್ತದೆ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಕಬ್ಬಿಣ ಕೂತರೆ ಹೆಣ್ಣುಮಕ್ಕಳಿಗೆ ಮುಟ್ಟು ತಡವಾಗುತ್ತದೆ ಅಥವಾ ಬರುವುದೇ ಇಲ್ಲ, ಗಂಡುಮಕ್ಕಳಿಗೆ ಮೀಸೆ ಮೂಡುವುದಿಲ್ಲ. ಎಲುಬು ಗಟ್ಟಿಯಾಗಬೇಕಾದ ವಯಸ್ಸಿನಲ್ಲೇ ಆ ಹಾರ್ಮೋನುಗಳ ಕೊರತೆ. ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಯಲ್ಲಿ ಕಬ್ಬಿಣ ಕೂತರೆ ರಕ್ತದ ಕ್ಯಾಲ್ಸಿಯಂ ಲೆಕ್ಕವೇ ತಪ್ಪುತ್ತದೆ. ಮೇದೋಜೀರಕದಲ್ಲಿ ಕೂತರೆ ಸಕ್ಕರೆ ಕಾಯಿಲೆ. ಇದರ ಮೇಲೆ ವಿಟಮಿನ್ ಡಿ ಕೊರತೆ. ಇಷ್ಟೊಂದು ಬಿಸಿಲಿರುವ ದೇಶದಲ್ಲಿ ಎಲ್ಲರಿಗೂ ಇರುವ ಈ ಕೊರತೆ, ಆಟದ ಮೈದಾನಕ್ಕಿಂತ ಆಸ್ಪತ್ರೆಯಲ್ಲಿ ಹೆಚ್ಚು ಕಾಲ ಕಳೆದ ಮಕ್ಕಳಿಗೆ ಇರದೇ ಇರುತ್ತದೆಯೇ? ಫಲವಾಗಿ ಮೂವತ್ತರ ಹರೆಯದವರ ಡೆಕ್ಸಾ ವರದಿ ಎಪ್ಪತ್ತರ ಅಜ್ಜಿಯ ವರದಿಯಂತೆ ಬರುತ್ತದೆ. ಬೆನ್ನುಮೂಳೆ ಯಾರಿಗೂ ತಿಳಿಯದಂತೆ ಕುಸಿದಿರುತ್ತದೆ. ಬೆನ್ನುನೋವಿಗೆ ಬಾಮ್ ಹಚ್ಚಿಕೊಂಡು, ಬೆಲ್ಟ್ ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಿರುತ್ತಾರೆ.

ಅದೇ ಕ್ಯಾಲ್ಸಿಯಂ ಕಿಡ್ನಿಯಲ್ಲಿ

ಇನ್ನು ಕಿಡ್ನಿಯ ಮಾತು. ಉತ್ತರ ಅಮೆರಿಕದ ಥಲಸ್ಸೇಮಿಯಾ ಕೇಂದ್ರಗಳ ವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ರೋಗಿಗಳ ಪೈಕಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿ ಸೋರಿಹೋಗುತ್ತಿತ್ತು. ಕ್ರಮವಾಗಿ ರಕ್ತ ಹಾಕಿಸಿಕೊಳ್ಳುವವರಲ್ಲಿ ಈ ಸೋರಿಕೆ ಇನ್ನೂ ಹೆಚ್ಚು. 2013ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನ ವೈದ್ಯರು ನೂರೈವತ್ತಕ್ಕೂ ಹೆಚ್ಚು ರೋಗಿಗಳ ದಾಖಲೆ ತೆಗೆದು ನೋಡಿದರು. ಆರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಕಿಡ್ನಿ ಕಲ್ಲಿತ್ತು, ಗಂಡಸರಲ್ಲಿ ಅದು ಇನ್ನೂ ಜಾಸ್ತಿ. ಕಲ್ಲು ಇದ್ದವರಲ್ಲಿ ಎಲುಬಿನ ಸಾಂದ್ರತೆಯೂ ಕಡಿಮೆ ಇತ್ತು, ಎಲುಬು ಮುರಿದ ಇತಿಹಾಸಕ್ಕೂ ಕಲ್ಲಿಗೂ ನಂಟು ಕಂಡಿತು. ಎರಡು ಬೇರೆ ಕಾಯಿಲೆ ಎಂದು ನಾವು ಎರಡು ಫೈಲಿನಲ್ಲಿ ಇಟ್ಟದ್ದು ಒಂದೇ ಸಮಸ್ಯೆಯ ಎರಡು ತುದಿ ಇರಬಹುದು ಎಂಬುದನ್ನು ಅವರು ತೋರಿಸಿದರು.

ಸೋರಿಕೆಗೆ ಕಾರಣ ಹಲವು. ರಕ್ತಹೀನತೆಯಿಂದಾಗಿ ಕಿಡ್ನಿ ಸದಾ ಅತಿಯಾಗಿ ಸೋಸುತ್ತಿರುತ್ತದೆ. ಕಬ್ಬಿಣ ಅದರ ಸಣ್ಣ ನಾಳಗಳಿಗೆ ಪೆಟ್ಟು ಕೊಡುತ್ತದೆ. ಸವೆಯುವ ಎಲುಬಿನಿಂದ ಬಿಡುಗಡೆಯಾದ ಕ್ಯಾಲ್ಸಿಯಂ ಎಲ್ಲಿಗಾದರೂ ಹೋಗಲೇಬೇಕು. ಡಿಫೆರಾಸಿರಾಕ್ಸ್ ಮಾತ್ರೆಯೂ ಪ್ರಮಾಣಕ್ಕೆ ತಕ್ಕಂತೆ ಮೂತ್ರದ ಕ್ಯಾಲ್ಸಿಯಂ ಹೆಚ್ಚಿಸಬಲ್ಲದು. ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬಾರದು. ಕಬ್ಬಿಣದಿಂದ ಹೃದಯ ನಿಲ್ಲುತ್ತದೆ, ಕಲ್ಲಿನಿಂದ ಅಲ್ಲ. ಮಾತ್ರೆ ತೆಗೆದುಕೊಳ್ಳುತ್ತಲೇ ಮೂತ್ರ ಪರೀಕ್ಷೆ ಮಾಡಿಸಬೇಕು ಎಂಬುದಷ್ಟೇ ನನ್ನ ಮಾತು.

ಕಲ್ಲೆಂದರೆ ನೋವು ಬರುತ್ತದೆ, ಹೋಗುತ್ತದೆ, ಅದಕ್ಕೇಕೆ ಇಷ್ಟು ಮಾತು ಎನ್ನಬಹುದು. ಬೇರೆಯವರಿಗೆ ಹಾಗಿರಬಹುದು, ಇವರಿಗೆ ಹಾಗಲ್ಲ. ಪದೇ ಪದೇ ಕಲ್ಲು, ಸೋಂಕು, ಅಡಚಣೆಯಿಂದ ಕಿಡ್ನಿಯ ಶಕ್ತಿ ಕುಂದಿದರೆ ಡಿಫೆರಾಸಿರಾಕ್ಸ್ ಪ್ರಮಾಣ ಇಳಿಸಬೇಕಾಗುತ್ತದೆ, ಒಂದು ಮಿತಿಗಿಂತ ಕೆಳಗಿಳಿದರೆ ನಿಲ್ಲಿಸಲೇಬೇಕಾಗುತ್ತದೆ. ಎಲುಬು ಉಳಿಸಲು ವರ್ಷಕ್ಕೊಮ್ಮೆ ನರಕ್ಕೆ ಕೊಡುವ ಜೋಲೆಡ್ರೋನಿಕ್ ಆಮ್ಲದ ಚುಚ್ಚುಮದ್ದನ್ನೂ ಕಿಡ್ನಿ ಸೋತವರಿಗೆ ಕೊಡುವಂತಿಲ್ಲ. ಅಂದರೆ ಕಿಡ್ನಿ ಕೆಟ್ಟರೆ ಹೃದಯ ಕಾಯುವ ಮದ್ದೂ ಕೈತಪ್ಪುತ್ತದೆ, ಎಲುಬು ಕಾಯುವ ಮದ್ದೂ ಕೈತಪ್ಪುತ್ತದೆ. ಮೂವತ್ತು ವರ್ಷ ಅಪ್ಪ ಅಮ್ಮ ಸೂಜಿ ಚುಚ್ಚಿ, ಪಂಪ್ ಕಟ್ಟಿ, ರಕ್ತಕ್ಕಾಗಿ ಅಲೆದು ಉಳಿಸಿಕೊಂಡ ಜೀವಕ್ಕೆ ಒಂದು ಕಲ್ಲು ಇಷ್ಟು ದೊಡ್ಡ ಅಪಾಯ ತರಬಹುದು.

ತಗೋ ಅಂತಾರ, ಬಿಡು ಅಂತಾರ

ಡೊಂಬಿವಲಿಯಿಂದ ಬರುವ ಒಬ್ಬ ಹೆಣ್ಣುಮಗಳಿದ್ದಾಳೆ. ನಮ್ಮ ಕಡೆಯವಳೇ, ವಯಸ್ಸು ಮೂವತ್ನಾಲ್ಕು. ಡೆಕ್ಸಾದಲ್ಲಿ ಅವಳ ಬೆನ್ನೆಲುಬಿನ ಅಂಕ ವಯಸ್ಸಿಗೆ ಇರಬೇಕಾದ್ದಕ್ಕಿಂತ ಬಹಳ ಕಡಿಮೆ ಬಂತು. ಮೂಳೆ ತಜ್ಞರು ದಿನಕ್ಕೆರಡು ಕ್ಯಾಲ್ಸಿಯಂ ಮಾತ್ರೆ, ವಾರಕ್ಕೊಮ್ಮೆ 60,000 ಯೂನಿಟ್ ವಿಟಮಿನ್ ಡಿ ಬರೆದರು. ಎಂಟು ತಿಂಗಳ ನಂತರ ಸೊಂಟದಿಂದ ತೊಡೆಸಂದಿಗೆ ಇಳಿಯುವ ನೋವು. ಎರಡೂ ಕಿಡ್ನಿಯಲ್ಲಿ ಸಣ್ಣ ಕಲ್ಲುಗಳು. ಬೇರೆ ಆಸ್ಪತ್ರೆಯ ತಜ್ಞರು ಕ್ಯಾಲ್ಸಿಯಂ ಪೂರ್ತಿ ನಿಲ್ಲಿಸಿ, ಹಾಲು ಮೊಸರನ್ನೂ ಬಿಡಿ ಎಂದು ಕಳಿಸಿದರು. ಸೋನೋಗ್ರಫಿ ಮೇಜಿನ ಮೇಲೆ ಮಲಗಿಕೊಂಡೇ ಅವಳು ಕೇಳಿದಳು: "ಸರ, ಅವರು ತಗೋ ಅಂತಾರ, ಇವರು ಬಿಡು ಅಂತಾರ. ಇಬ್ಬರೂ ದೊಡ್ಡ ಡಾಕ್ಟರು. ನಾ ಯಾರ ಮಾತು ಕೇಳ್ಲಿ?"

ಇಬ್ಬರೂ ತಮ್ಮ ತಮ್ಮ ಪುಸ್ತಕದ ಪ್ರಕಾರ ಯೋಚಿಸಿದ್ದರು. ಆದರೆ ಎಂಟು ತಿಂಗಳಲ್ಲಿ ಒಬ್ಬರೂ ಅವಳ ಮೂತ್ರದಲ್ಲಿ ಎಷ್ಟು ಕ್ಯಾಲ್ಸಿಯಂ ಹೋಗುತ್ತಿದೆ ಎಂದು ಅಳೆದಿರಲಿಲ್ಲ. ಅವಳ ಪ್ಯಾರಾಥೈರಾಯ್ಡ್ ಗ್ರಂಥಿ ಕೆಲಸ ಮಾಡುತ್ತಿದೆಯೇ ಎಂದೂ ನೋಡಿರಲಿಲ್ಲ. ಈ ಎರಡನೆಯದು ಬಹಳ ಮುಖ್ಯ. ಆ ಗ್ರಂಥಿಯ ಹಾರ್ಮೋನಿನ ಒಂದು ಕೆಲಸವೇ ಕಿಡ್ನಿಗೆ ಬಂದ ಕ್ಯಾಲ್ಸಿಯಂ ಅನ್ನು ವಾಪಸು ರಕ್ತಕ್ಕೆ ಕಳಿಸುವುದು. ಹಾರ್ಮೋನು ಇಲ್ಲದವರಿಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಕೊಟ್ಟು ರಕ್ತದ ಮಟ್ಟವನ್ನು ಪೂರ್ತಿ ಸಾಮಾನ್ಯಕ್ಕೆ ಏರಿಸಲು ಹೋದರೆ ಕೊಟ್ಟಿದ್ದರಲ್ಲಿ ಬಹಳಷ್ಟು ಮೂತ್ರಕ್ಕೆ ಹರಿಯುತ್ತದೆ. ತೂತು ಕೊಡಕ್ಕೆ ನೀರು ತುಂಬಿದಂತೆ. ತೂತು ಎಲ್ಲಿದೆ ಎಂದು ನೋಡದೆ ನೀರು ಹೆಚ್ಚು ಸುರಿಯುವುದೂ ತಪ್ಪು, ಕೊಡವನ್ನು ಖಾಲಿ ಬಿಡುವುದೂ ತಪ್ಪು.

ಹಾಲು ಮೊಸರು ಬಿಡಿ ಎಂಬ ಸಲಹೆಯಂತೂ ಮೂವತ್ತು ವರ್ಷ ಹಳೆಯದಾಯಿತು. 1993ರಲ್ಲಿ ಅಮೆರಿಕದ 45 ಸಾವಿರಕ್ಕೂ ಹೆಚ್ಚು ಗಂಡಸರನ್ನು ಗಮನಿಸಿದ ಅಧ್ಯಯನದಲ್ಲಿ ಊಟದ ಮೂಲಕ ಹೆಚ್ಚು ಕ್ಯಾಲ್ಸಿಯಂ ಪಡೆದವರಿಗೆ ಕಲ್ಲು ಕಡಿಮೆಯಾಗಿತ್ತು. 2002ರಲ್ಲಿ ಇಟಲಿಯ ವೈದ್ಯರು ಕಲ್ಲು ಮರುಕಳಿಸುವ ಗಂಡಸರಲ್ಲಿ ಐದು ವರ್ಷ ಎರಡು ಆಹಾರ ಕ್ರಮಗಳನ್ನು ಹೋಲಿಸಿದರು. ಕ್ಯಾಲ್ಸಿಯಂ ಕಡಿಮೆ ಮಾಡಿದವರಿಗಿಂತ, ಕ್ಯಾಲ್ಸಿಯಂ ಹಾಗೇ ಇಟ್ಟು ಉಪ್ಪು ಮತ್ತು ಮಾಂಸ ಕಡಿಮೆ ಮಾಡಿದವರಿಗೆ ಹೊಸ ಕಲ್ಲು ಕಡಿಮೆ ಬಂದವು. ಕಾರಣ ಸರಳ. ಊಟದಲ್ಲಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಮಲದಲ್ಲಿ ಕಳಿಸುತ್ತದೆ. ಅದು ಇಲ್ಲದಿದ್ದರೆ ಆಕ್ಸಲೇಟ್ ರಕ್ತ ಸೇರಿ ಕಿಡ್ನಿಗೆ ಬರುತ್ತದೆ. ಇವು ಥಲಸ್ಸೇಮಿಯಾ ರೋಗಿಗಳ ಮೇಲೆ ನಡೆದ ಅಧ್ಯಯನಗಳಲ್ಲ ನಿಜ. ಆದರೆ ಎಲುಬು ಮೊದಲೇ ಸವೆದವರಿಗೆ ಮೊಸರನ್ನ ಬಿಡಿಸುವ ಮುನ್ನ ಎರಡು ಸಲ ಯೋಚಿಸಲು ಇಷ್ಟು ಸಾಕು.

ಅಡುಗೆಮನೆಯ ಸಲಹೆಗಳು

ಡಾಕ್ಟರು ಇಬ್ಬರಾದರೆ ನೆಂಟರು ಇಪ್ಪತ್ತು. ರಕ್ತ ಕಡಿಮೆ ಎಂದರೆ ಬೀಟ್‌ರೂಟ್, ದಾಳಿಂಬೆ, ಖರ್ಜೂರ, ಬೆಲ್ಲ ತಿನ್ನಿಸಿ ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಥಲಸ್ಸೇಮಿಯಾ ರೋಗಿಗೆ ಕೊರತೆ ಇರುವುದು ಕಬ್ಬಿಣದ್ದಲ್ಲ, ಹೆಚ್ಚಾಗಿರುವುದೇ ಅದು. ಕಬ್ಬಿಣದ ಟಾನಿಕ್ ಕೊಡಲೇಬಾರದು. ಬೀಟ್‌ರೂಟ್, ಪಾಲಕ್ ಸೊಪ್ಪಿನಲ್ಲಿ ಆಕ್ಸಲೇಟ್ ಹೆಚ್ಚು, ಕಲ್ಲಿರುವವರು ದಿನಾ ಜ್ಯೂಸ್ ಮಾಡಿ ಕುಡಿಯುವಂಥದ್ದಲ್ಲ. ಕೋವಿಡ್ ಕಾಲದಿಂದ ಮನೆಮನೆಯಲ್ಲಿ ಉಳಿದುಕೊಂಡಿರುವ ವಿಟಮಿನ್ ಸಿ ಮಾತ್ರೆಯೂ ಇವರಿಗೆ ಎರಡು ರೀತಿಯಲ್ಲಿ ತೊಂದರೆ. ಅದು ಕಬ್ಬಿಣ ಹೀರುವುದನ್ನು ಹೆಚ್ಚಿಸುತ್ತದೆ, ಪ್ರಮಾಣ ಮೀರಿದರೆ ದೇಹದಲ್ಲಿ ಆಕ್ಸಲೇಟ್ ಆಗುತ್ತದೆ. ಚುಚ್ಚುಮದ್ದಿನ ಜೊತೆ ವೈದ್ಯರು ಅಳೆದು ಕೊಡುವ ಸಣ್ಣ ಪ್ರಮಾಣವೇ ಬೇರೆ, ಚಪ್ಪರಿಸಲು ತಿನ್ನುವ ಮಾತ್ರೆಯೇ ಬೇರೆ.

ಕಲ್ಲು ಎಂದೊಡನೆ ಹುರುಳಿಕಟ್ಟು, ಬಾಳೆದಿಂಡಿನ ರಸ ನೆನಪಾಗುವುದು ನಮ್ಮ ರೂಢಿ. ಅವುಗಳ ಜೊತೆ ಒಳಹೋಗುವ ನೀರು ಒಳ್ಳೆಯದೇ, ಅದಕ್ಕಿಂತ ಹೆಚ್ಚಿನ ಭರವಸೆ ಇಡಬೇಡಿ. ಜೊತೆಗೆ ಒಂದು ಗೊಂದಲವನ್ನೂ ಬಿಡಿಸಬೇಕು. ಕೆಂಪು ರಕ್ತಕಣ ಬೇಗ ಒಡೆಯುವ ಕಾಯಿಲೆಗಳಲ್ಲಿ ಪಿತ್ತಕೋಶದಲ್ಲೂ ಕಲ್ಲಾಗುತ್ತದೆ. ಅದು ಒಡೆದ ರಕ್ತಕಣದ ಬಣ್ಣದಿಂದ ಆದ ಕಲ್ಲು, ಕಿಡ್ನಿಯ ಕ್ಯಾಲ್ಸಿಯಂ ಕಲ್ಲಿಗೂ ಅದಕ್ಕೂ ಸಂಬಂಧವಿಲ್ಲ. "ಸ್ಕ್ಯಾನಿಂಗಿನಲ್ಲಿ ಕಲ್ಲು ಅಂದರು" ಎಂದಷ್ಟೇ ನೆನಪಿಟ್ಟುಕೊಂಡು ಬರುವವರು ಯಾವ ಕಲ್ಲು, ಯಾವ ಕಡೆ ಎಂದು ಬರೆಸಿಕೊಂಡು ಬರುವುದು ಒಳ್ಳೆಯದು.

ವಿಟಮಿನ್ ಡಿ ಪುಡಿ ಅಥವಾ ಗುಳಿಗೆಯ ಬಗ್ಗೆಯೂ ಒಂದು ಮಾತು. 60,000 ಯೂನಿಟ್‌ನದ್ದು ವಾರಕ್ಕೊಂದರಂತೆ ಕೆಲವು ವಾರಗಳಿಗೆ ಬರೆದುಕೊಡುವ ಮದ್ದು. ಅದನ್ನು ದಿನಾ ತೆಗೆದುಕೊಂಡವರನ್ನೂ, ಒಂದು ಚೀಟಿ ಹಿಡಿದು ವರ್ಷಗಟ್ಟಲೆ ಮೆಡಿಕಲ್ ಶಾಪಿನಿಂದ ತಂದು ನುಂಗಿದವರನ್ನೂ ನೋಡಿದ್ದೇನೆ. ಹೆಚ್ಚಾದ ವಿಟಮಿನ್ ಡಿ ಎಲುಬು ಗಟ್ಟಿ ಮಾಡುವುದಿಲ್ಲ, ಮೂತ್ರದ ಕ್ಯಾಲ್ಸಿಯಂ ಏರಿಸುತ್ತದೆ.

ನೀರಿನ ವಿಷಯ ಹೇಳಲು ಸುಲಭ, ಮಾಡಲು ಕಷ್ಟ. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಬೇಕು ಎನ್ನುತ್ತೇವೆ. ಕಲ್ಯಾಣದಿಂದ ಲೋಕಲ್ ಹಿಡಿದು ಒಂದೂವರೆ ಗಂಟೆ ನಿಂತು ಬರುವ ಹೆಣ್ಣುಮಗಳು ಬೆಳಿಗ್ಗೆ ನೀರು ಮುಟ್ಟುವುದೇ ಇಲ್ಲ. ಎಲ್ಲಿ ಹೋಗಬೇಕು ಎಂಬ ಪ್ರಶ್ನೆಗೆ ಈ ನಗರದಲ್ಲಿ ಇನ್ನೂ ಉತ್ತರವಿಲ್ಲ. ಹೃದಯ ದುರ್ಬಲವಾಗಿರುವ ಥಲಸ್ಸೇಮಿಯಾ ರೋಗಿಗೆ ಎಷ್ಟು ನೀರು ಎಂಬುದನ್ನೂ ವೈದ್ಯರೇ ಹೇಳಬೇಕು. ಎಲ್ಲರೂ ಇಂದೇ ಮಾಡಬಹುದಾದದ್ದು ಒಂದು: ಉಪ್ಪು ಕಡಿಮೆ ಮಾಡುವುದು. ದೇಹ ಉಪ್ಪು ಹೊರಹಾಕುವಾಗ ಜೊತೆಗೆ ಕ್ಯಾಲ್ಸಿಯಂ ಅನ್ನೂ ಎಳೆದುಕೊಂಡು ಹೋಗುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಫರಸಾಣ ಇವೇ ನಮ್ಮ ಶತ್ರುಗಳು. ನಮ್ಮ ರಾಗಿ, ಮಜ್ಜಿಗೆ ಅಲ್ಲ.

ಕುಡುಗೋಲು ಕಣ ಮತ್ತು ನಮ್ಮ ಕಾಡಂಚು

ಇದು ಮುಂಬಯಿಯ ಸಮಸ್ಯೆ ಮಾತ್ರ ಎಂದುಕೊಳ್ಳಬೇಡಿ. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆಯನ್ನು ಭಾರತದಲ್ಲಿ ಮೊದಲು ಗುರುತಿಸಿದ್ದು 1952ರಲ್ಲಿ, ನಮ್ಮ ಗಡಿಗೆ ತಾಗಿಕೊಂಡ ನೀಲಗಿರಿಯ ಬುಡಕಟ್ಟು ಜನರಲ್ಲಿ. ಚಾಮರಾಜನಗರ, ಮೈಸೂರು ಜಿಲ್ಲೆಗಳ ಸೋಲಿಗ, ಜೇನುಕುರುಬ ಮೊದಲಾದ ಸಮುದಾಯಗಳಲ್ಲೂ ಅದು ಇದೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ 17 ರಾಜ್ಯಗಳಲ್ಲಿ ನಡೆಯುತ್ತಿದೆ, ಕರ್ನಾಟಕವೂ ಅದರಲ್ಲಿದೆ. ನಲವತ್ತು ವರ್ಷದೊಳಗಿನ ಏಳು ಕೋಟಿ ಜನರ ತಪಾಸಣೆ, 2047ರೊಳಗೆ ನಿರ್ಮೂಲನೆ ಅದರ ಗುರಿ.

ಈ ಕಾಯಿಲೆಯಲ್ಲಿ ಎಲುಬು, ಕಿಡ್ನಿಗಳ ಕಥೆ ಬೇರೆ ರೀತಿಯದು. ಬಾಗಿದ ಕಣಗಳು ಸಣ್ಣ ರಕ್ತನಾಳಗಳನ್ನು ಮುಚ್ಚುತ್ತವೆ. ತೊಡೆಯ ಎಲುಬಿನ ತಲೆಗೆ ರಕ್ತ ನಿಂತರೆ ಆ ಭಾಗ ಸತ್ತು, ಕುಸಿದು, ಇಪ್ಪತ್ತೈದರ ಹುಡುಗ ಕುಂಟುತ್ತಾನೆ. ಕಿಡ್ನಿಯ ಒಳಭಾಗಕ್ಕೆ ರಕ್ತ ನಿಂತರೆ ಮೂತ್ರವನ್ನು ಗಟ್ಟಿ ಮಾಡುವ ಶಕ್ತಿ ಹೋಗುತ್ತದೆ. ನೀರು ಸೋರಿ, ದೇಹ ಒಣಗಿ, ಕಣಗಳು ಇನ್ನಷ್ಟು ಬಾಗುತ್ತವೆ. ಒಳಗಿನ ಅಂಗಾಂಶದ ಚೂರು ಕಳಚಿ ಮೂತ್ರನಾಳದಲ್ಲಿ ಸಿಕ್ಕರೆ ಥೇಟ್ ಕಲ್ಲಿನದೇ ನೋವು, ರಕ್ತಮೂತ್ರ. ಸ್ಕ್ಯಾನಿಂಗಿನಲ್ಲಿ ಕಲ್ಲು ಕಾಣುವುದಿಲ್ಲ. ಆಗ ರೋಗಿ ನಟಿಸುತ್ತಿದ್ದಾನೆ ಎಂದುಕೊಂಡವರೂ ಇದ್ದಾರೆ. ಕಬ್ಬು ಕಡಿಯಲು, ಕಾಫಿ ಕೊಯ್ಲಿಗೆ, ಕಟ್ಟಡ ಕೆಲಸಕ್ಕೆ ಬಿಸಿಲಿನಲ್ಲಿ ದುಡಿಯುವವರು ನೋವು ತಡೆಯಲು ಗೂಡಂಗಡಿಯಿಂದ ಮಾತ್ರೆ ತಂದು ನುಂಗುತ್ತಾರೆ. ಮೊದಲೇ ಪೆಟ್ಟು ತಿಂದ ಕಿಡ್ನಿಗೆ ಆ ನೋವಿನ ಮಾತ್ರೆಗಳು ಇನ್ನೊಂದು ಪೆಟ್ಟು.

ಅಭಿಯಾನದಲ್ಲಿ ಕೊಡುವ ಕಾರ್ಡು ಯಾರು ವಾಹಕರು, ಯಾರು ರೋಗಿ ಎಂದು ಹೇಳುತ್ತದೆ. ಮುಂದಿನ ಪೀಳಿಗೆಗೆ ಅದು ಬೇಕು. ಆದರೆ ಈಗಾಗಲೇ ಹುಟ್ಟಿ, ಬೆಳೆದು, ದುಡಿಯುತ್ತಿರುವ ರೋಗಿಗೆ ಕಾರ್ಡಿನಿಂದ ಏನು ಸಿಕ್ಕಿತು? ವರ್ಷಕ್ಕೊಮ್ಮೆ ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂಬ ಪರೀಕ್ಷೆ, ಸೊಂಟದ ಕೀಲು ತಿರುಗಿಸಿ ನೋಡುವ ಎರಡು ನಿಮಿಷ, ವಿಟಮಿನ್ ಡಿ. ಇಷ್ಟನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಮಾಡಬಹುದು.

ಆಕ್ಷೇಪಗಳು

ಮೊದಲ ಆಕ್ಷೇಪ ನನಗೇ ಗೊತ್ತು. ಪರೀಕ್ಷೆ ಮಾಡಿಸಿ ಎಂದು ರೇಡಿಯಾಲಜಿಸ್ಟ್ ಬರೆದರೆ, ತನ್ನ ಅಂಗಡಿಗೆ ಗಿರಾಕಿ ಹುಡುಕುತ್ತಿದ್ದಾನೆ ಎನ್ನುವವರು ಇದ್ದೇ ಇರುತ್ತಾರೆ. ಅನುಮಾನ ಆರೋಗ್ಯಕರವೇ. ಆದರೆ ನಾನು ಮೊದಲು ಕೇಳುತ್ತಿರುವ ಪರೀಕ್ಷೆ ಸ್ಕ್ಯಾನಿಂಗ್ ಅಲ್ಲ, ಮೂತ್ರದ ಕ್ಯಾಲ್ಸಿಯಂ. ಇಪ್ಪತ್ನಾಲ್ಕು ಗಂಟೆಯ ಮೂತ್ರವನ್ನು ಕ್ಯಾನಿನಲ್ಲಿ ಕೂಡಿಸಿ ತರುವುದು ಉತ್ತಮ. ಹತ್ತು ಮನೆಗೆ ಒಂದು ಪಾಯಿಖಾನೆ ಇರುವ ಚಾಳಿನಲ್ಲಿ ಅದು ಆಗದ ಮಾತಾದರೆ ಬೆಳಗಿನ ಒಂದು ಸೀಸೆ ಮೂತ್ರದಲ್ಲೇ ಕ್ಯಾಲ್ಸಿಯಂ ಮತ್ತು ಕ್ರಿಯಾಟಿನಿನ್ ಅನುಪಾತ ನೋಡಬಹುದು. ಸಣ್ಣ ಊರಿನ ಲ್ಯಾಬಿನಲ್ಲೂ ಆಗುವಂಥದ್ದು. ಅದರ ಫಲಿತಾಂಶ ನೋಡಿ ಯಾರಿಗೆ ಸ್ಕ್ಯಾನಿಂಗ್ ಬೇಗ ಬೇಕು, ಯಾರಿಗೆ ಮೂತ್ರದ ಕ್ಯಾಲ್ಸಿಯಂ ಇಳಿಸುವ ಮಾತ್ರೆ ಬೇಕು ಎಂದು ನಿರ್ಧರಿಸಿದರೆ ನನ್ನ ಕೆಲಸ ಕಡಿಮೆಯಾಗುತ್ತದೆ, ಹೆಚ್ಚಲ್ಲ.

ಎರಡನೆಯ ಆಕ್ಷೇಪ ಗಂಭೀರವಾದದ್ದು. ಸುರಕ್ಷಿತ ರಕ್ತವೇ ಸಮಯಕ್ಕೆ ಸಿಗದ ಜಿಲ್ಲೆಗಳಲ್ಲಿ, ಕಬ್ಬಿಣ ತೆಗೆಯುವ ಮಾತ್ರೆಯ ಸರಬರಾಜು ತಿಂಗಳುಗಟ್ಟಲೆ ನಿಲ್ಲುವಲ್ಲಿ ಎಲುಬು, ಕಲ್ಲು ಎಂದು ಮಾತಾಡುವುದು ಐಷಾರಾಮವಲ್ಲವೇ? ರಕ್ತ ಮತ್ತು ಮಾತ್ರೆ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಎಲುಬನ್ನು ಕಾಯುವ ಅತಿ ದೊಡ್ಡ ಮದ್ದೂ ಸಮಯಕ್ಕೆ ಸಿಕ್ಕ ರಕ್ತ ಮತ್ತು ತಪ್ಪದೆ ನುಂಗಿದ ಮಾತ್ರೆಯೇ. ಆದರೆ ಒಂದನ್ನು ಗೆದ್ದ ಮೇಲೆ ಇನ್ನೊಂದು ಎಂದು ಕಾಯುವ ಸೌಲಭ್ಯ ದೇಹಕ್ಕಿಲ್ಲ. ರಕ್ತ ಹಾಕಲು ಬಂದ ದಿನವೇ ಒಂದು ಸೀಸೆ ಮೂತ್ರ ತೆಗೆದುಕೊಳ್ಳಲು ಹೊಸ ಕಟ್ಟಡ ಬೇಕಾಗಿಲ್ಲ.

ಏನಾಗಬೇಕು

ನನ್ನ ಬೇಡಿಕೆಗಳು ನಾಲ್ಕೇ. ಒಂದು, ಪ್ರತಿ ಥಲಸ್ಸೇಮಿಯಾ ಡೇ ಕೇರ್ ಕೇಂದ್ರದಲ್ಲಿ ಹದಿನೆಂಟು ದಾಟಿದವರಿಗೆ ಒಬ್ಬ ಹೊಣೆಗಾರ ವೈದ್ಯರಿರಬೇಕು. ಎಲ್ಲ ತಜ್ಞರ ಚೀಟಿಯೂ ಅವರ ಕಣ್ಣು ದಾಟಿಯೇ ಹೋಗಬೇಕು. ಎರಡು, ವರ್ಷಕ್ಕೊಂದು ಹುಟ್ಟುಹಬ್ಬದ ತಪಾಸಣೆ. ಮೂತ್ರದ ಕ್ಯಾಲ್ಸಿಯಂ ಮತ್ತು ಪ್ರೋಟೀನ್, ರಕ್ತದ ಕ್ಯಾಲ್ಸಿಯಂ, ವಿಟಮಿನ್ ಡಿ, ಪ್ಯಾರಾಥೈರಾಯ್ಡ್ ಹಾರ್ಮೋನು, ಕಿಡ್ನಿ ಸೋನೋಗ್ರಫಿ ಇಷ್ಟೂ ಒಂದೇ ಹಾಳೆಯಲ್ಲಿ ಬರಬೇಕು. ಹದಿಹರೆಯದಿಂದ ಆಚೆಗೆ ಡೆಕ್ಸಾ ಸೇರಬೇಕು. ಡೆಕ್ಸಾ ಓದುವವರು ರೋಗಿಯ ಗಿಡ್ಡ ದೇಹ, ತಡವಾದ ಪ್ರಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಇಲ್ಲದ ಭಯ ಹುಟ್ಟಿಸಿದಂತಾಗುತ್ತದೆ. ಮೂರು, ಬೆನ್ನುನೋವು ಎಂದು ಬಂದ ಥಲಸ್ಸೇಮಿಯಾ ರೋಗಿಗೆ ನೋವಿನ ಮಾತ್ರೆ ಬರೆಯುವ ಮುನ್ನ ಒಂದು ಎಕ್ಸ್‌ರೇ, ಒಂದು ಸೋನೋಗ್ರಫಿ. ಅದು ಕುಸಿದ ಬೆನ್ನುಮೂಳೆ ಇರಬಹುದು, ಕಲ್ಲಿರಬಹುದು, ಬೆನ್ನಿನ ಪಕ್ಕ ಬೆಳೆದ ಮಜ್ಜೆಯ ಗಡ್ಡೆಯೂ ಇರಬಹುದು.

ನಾಲ್ಕನೆಯದು ನಮ್ಮಂಥ ಊರು ಬಿಟ್ಟವರ ವಿಷಯ. ಹುಬ್ಬಳ್ಳಿಯಲ್ಲಿ ಹುಟ್ಟಿ, ಪುಣೆಯಲ್ಲಿ ಓದಿ, ಮುಂಬಯಿಯಲ್ಲಿ ದುಡಿಯುವವರ ವರದಿಗಳು ಮೂರು ಊರಿನ ಮೂರು ಪ್ಲಾಸ್ಟಿಕ್ ಚೀಲಗಳಲ್ಲಿವೆ. ಹಬ್ಬಕ್ಕೆ ಊರಿಗೆ ಹೋದಾಗ ರಕ್ತ ಹಾಕಿಸಿಕೊಂಡ ಲೆಕ್ಕ ಇಲ್ಲಿನ ಡಾಕ್ಟರಿಗೆ ತಿಳಿಯುವುದಿಲ್ಲ. ಕೇಂದ್ರ ಸರ್ಕಾರದ ಆಭಾ ಸಂಖ್ಯೆ ಇರುವುದೇ ಇಂಥವರಿಗಾಗಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಥಲಸ್ಸೇಮಿಯಾ, ಸಿಕಲ್ ಸೆಲ್, ಹಿಮೋಫೀಲಿಯಾ ಮೂರನ್ನೂ ತನ್ನ 21 ವೈಕಲ್ಯಗಳ ಪಟ್ಟಿಗೆ ಸೇರಿಸಿತು. ಪ್ರಮಾಣಪತ್ರ ಕೊಡುವ ಕಚೇರಿಯಲ್ಲೇ ಆಭಾ ಸಂಖ್ಯೆ ಮಾಡಿಸಿ, ಹಳೆಯ ವರದಿಗಳನ್ನು ಸೇರಿಸಿಕೊಡುವ ಒಂದು ಮೇಜು ಇಟ್ಟರೆ ಅರ್ಧ ಕೆಲಸ ಆದಂತೆ. ಅಲ್ಲಿಯವರೆಗೆ ಪ್ರತಿ ಕುಟುಂಬವೂ ಒಂದು ನೋಟ್‌ಬುಕ್ ಇಡಲಿ. ಎಡಪುಟದಲ್ಲಿ ಎಲುಬಿನ ಡಾಕ್ಟರು ಹೇಳಿದ್ದು, ಬಲಪುಟದಲ್ಲಿ ಕಿಡ್ನಿಯ ಡಾಕ್ಟರು ಹೇಳಿದ್ದು. ಇಬ್ಬರಿಗೂ ಎರಡೂ ಪುಟ ತೋರಿಸಿ.

ಸೋದರಸಂಬಂಧದ ಮದುವೆ ಹೆಚ್ಚಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆದ್ದರಿಂದ ಮದುವೆಗೆ ಮುಂಚೆ ಅಥವಾ ಗರ್ಭಿಣಿಯಾದ ಮೊದಲ ತಿಂಗಳುಗಳಲ್ಲಿ ರಕ್ತದ ಎಚ್‌ಪಿಎಲ್‌ಸಿ ಪರೀಕ್ಷೆ ಮಾಡಿಸಿ ಎಂಬ ಮಾತನ್ನು ಹೇಳುತ್ತಲೇ ಇರಬೇಕು. ಆದರೆ ತಡೆಗಟ್ಟುವ ಪ್ರಚಾರದಲ್ಲಿ ಈಗಾಗಲೇ ನಮ್ಮೊಡನಿರುವವರನ್ನು ತಡೆಯಲಾಗದೆ ಹೋದ ಪ್ರಕರಣಗಳಂತೆ ಕಾಣಬಾರದು. ಅವರು ತೆರಿಗೆ ಕಟ್ಟುತ್ತಾರೆ, ಲೋಕಲ್‌ನಲ್ಲಿ ನೇತಾಡುತ್ತಾರೆ, ಮನೆ ನಡೆಸುತ್ತಾರೆ. ಎಳೆಯರಾಗಿದ್ದಾಗ ಅವರನ್ನು ಉಳಿಸಲು ಪಣ ತೊಟ್ಟ ವ್ಯವಸ್ಥೆಗೆ, ನಡುವಯಸ್ಸಿನಲ್ಲಿ ಅವರನ್ನು ನೆಟ್ಟಗೆ ನಿಲ್ಲಿಸಿ, ನೋವಿಲ್ಲದೆ ನಡೆಸುವ ಹೊಣೆಯೂ ಇದೆ.